ತಂದೆ: ಇಲ್ಲ

ಸೆಣಬು ಮುರಿಯುವುದು ಹೆಂಗಸರ ಕೆಲಸವಲ್ಲ ಎಂದು ಕೆಂಟಕಿಯ ಧಣಿಗಳು ಮೊದಲೆಲ್ಲ ಹೇಳುತ್ತಿದ್ದರು. ಗಂಡಾಳುಗಳು ಒಬ್ಬೊಬ್ಬರಾಗಿ ಓಡಿಹೋಗಿ ಸೈನ್ಯದ ನೀಲಿ ಕೋಟು ತೊಟ್ಟ ಮೇಲೆ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಡಾರ್ಕಸ್ ಸೆಣಬು ಮುರಿಯಲು ಹಿಡಿದು ಇದು ಎರಡನೇ ಚಳಿಗಾಲ.

ಹೊಲದ ನಡುವೆ ಮರದ ದವಡೆ. ಕೆಳಗೆ ಮೂರು ಹಲಗೆ, ಮೇಲೆ ಎತ್ತಿ ಬಡಿಯಲು ಎರಡು. ಎಡಗೈಯಲ್ಲಿ ಇಬ್ಬನಿಗೆ ಕೊಳೆತು ಒಣಗಿದ ಕಡ್ಡಿಗಳ ಕಂತೆ, ಬಲಗೈಯಲ್ಲಿ ಮೇಲಿನ ದವಡೆಯ ಹಿಡಿ. ಎತ್ತು, ಬಡಿ. ಎತ್ತು, ಬಡಿ. ಕಡ್ಡಿ ಪುಡಿಯಾಗಿ ಉದುರಬೇಕು, ನಾರು ಕೈಯಲ್ಲಿ ಉಳಿಯಬೇಕು. ದಿನಕ್ಕೆ ನೂರು ಪೌಂಡು ನಾರು. ಸಂಜೆಯ ಹೊತ್ತಿಗೆ ಬಲಭುಜ ತನ್ನದೇ ಅಲ್ಲ ಅನ್ನಿಸುತ್ತಿತ್ತು. ಕೆಮ್ಮಿದರೆ ಕಪ್ಪು ಕಫ ಬೀಳುತ್ತಿತ್ತು. ಅಂಗೈ ಬಿರಿದು ನಾರಿಗೆ ರಕ್ತ ಹತ್ತಿದರೆ ರೆನ್‌ಫ್ರೋ ಧಣಿ ನಾರನ್ನು ನೋಡಿ ಮರುಗುತ್ತಿದ್ದ, ಕೈಯನ್ನು ನೋಡುತ್ತಿರಲಿಲ್ಲ.

ಸಾವಿರದ ಎಂಟುನೂರ ಅರವತ್ತಾರರ ಜನವರಿ. ಗುಲಾಮಗಿರಿ ಮುಗಿದು ಆರು ವಾರವಾಗಿತ್ತು. ಡಾರ್ಕಸ್ ಅದೇ ಹೊಲದಲ್ಲಿ ಅದೇ ದವಡೆಯ ಮುಂದೆ ನಿಂತಿದ್ದಳು. ಯಾಕೆಂದರೆ ಅವಳ ಮಗಳು ಕೆಜಾಯಾ ಹೊಲದಾಚೆಯ ದೊಡ್ಡ ಮನೆಯಲ್ಲಿದ್ದಳು.

ಯುದ್ಧ ಯಾರ ಬಿಡುಗಡೆಗೆ ನಡೆಯಿತು ಎಂದು ಕೇಳಿದರೆ ಡಾರ್ಕಸ್‌ಗೆ ಮೈ ಉರಿಯುತ್ತಿತ್ತು. ಅಧ್ಯಕ್ಷರು ಬಿಡುಗಡೆ ಸಾರಿದ್ದು ಸರ್ಕಾರದ ಮೇಲೆ ತಿರುಗಿಬಿದ್ದ ರಾಜ್ಯಗಳ ಗುಲಾಮರಿಗೆ. ಕೆಂಟಕಿ ತಿರುಗಿಬೀಳಲಿಲ್ಲ. ಹಾಗಾಗಿ ಇಲ್ಲಿನ ಧಣಿಗಳು ಸರ್ಕಾರಕ್ಕೆ ನಿಷ್ಠರಾಗಿಯೂ ಉಳಿದರು, ಗುಲಾಮರಿಗೆ ಒಡೆಯರಾಗಿಯೂ ಉಳಿದರು. ರೆನ್‌ಫ್ರೋನ ಒಬ್ಬ ಮಗ ಉತ್ತರದ ಸೈನ್ಯಕ್ಕೆ ಹೋದ, ಇನ್ನೊಬ್ಬ ದಕ್ಷಿಣದ ಸೈನ್ಯಕ್ಕೆ. ಯಾರು ಗೆದ್ದರೂ ಮನೆಯಲ್ಲೊಬ್ಬ ಗೆದ್ದವನಿರಲಿ ಅನ್ನುವ ಏರ್ಪಾಡು. ಇಬ್ಬರೂ ವಾಪಸು ಬಂದು ಒಂದೇ ಮೇಜಿನಲ್ಲಿ ಕೂತು ಹಂದಿಮಾಂಸ ಕೊಯ್ದು ತಿಂದರು. ಬಡಿಸಿದವಳು ಕೆಜಾಯಾ.

ಡಿಸೆಂಬರಿನಲ್ಲಿ ಕಡೆಗೂ ಎಲ್ಲ ರಾಜ್ಯಗಳಿಗೂ ಕಾನೂನು ಬಂತು. ಡಾರ್ಕಸ್ ಕಂಬಳಿ ಸುತ್ತಿಕೊಂಡು, ಮಗಳ ಕೈ ಹಿಡಿದುಕೊಂಡು ಹೊರಟಳು. ರೆನ್‌ಫ್ರೋ ಬಾಗಿಲಲ್ಲಿ ನಿಂತು ಒಂದು ಕಾಗದ ಬಿಡಿಸಿದ.

"ನೀನು ಧಾರಾಳವಾಗಿ ಹೋಗು ಡಾರ್ಕಸ್. ಹುಡುಗಿ ಇಲ್ಲೇ ಇರ್ತಾಳೆ. ಅವಳಿಗೆ ಹದಿನೆಂಟು ತುಂಬೋವರೆಗೂ ಮನೆಗೆಲಸ ಕಲಿಸು ಅಂತ ಕೋರ್ಟು ನಂಗೆ ಬರೆದುಕೊಟ್ಟಿದೆ."

"ಯಾಕೆ ಬುದ್ಧಿ? ನಾನಿದ್ದೀನಲ್ಲ?"

"ತಂದೆ ಇಲ್ಲದ ಮಕ್ಕಳಿಗೆ ಕೋರ್ಟೇ ದಿಕ್ಕು. ಇಲ್ಲಿ ನೋಡು. ತಂದೆ: ಇಲ್ಲ."

ಅವನು ಬೆರಳಿಟ್ಟ ಜಾಗವನ್ನು ಅವಳು ನೋಡಿದಳು. ಓದಲು ಬಾರದ ಕಣ್ಣಿಗೆ ಅದು ಇರುವೆ ಹರಿದಂತೆ ಕಂಡಿತು. ಆದರೆ ಆ ಇರುವೆಗಳು ಯಾವತ್ತು ಹತ್ತಿದವು ಎನ್ನುವುದು ಅವಳಿಗೆ ಥಟ್ಟನೆ ಹೊಳೆಯಿತು.

ಹೋದ ಸೆಪ್ಟೆಂಬರಿನಲ್ಲಿ ಕೋರ್ಟಿನ ಗುಮಾಸ್ತನೊಬ್ಬ ಕುದುರೆಯ ಮೇಲೆ ಬಂದಿದ್ದ. ಪಕ್ಕದಲ್ಲಿ ರೆನ್‌ಫ್ರೋ ನಿಂತಿದ್ದ. ಗುಮಾಸ್ತ ಬೇಲಿಯ ಗೂಟದ ಮೇಲೆ ಪುಸ್ತಕ ಇಟ್ಟುಕೊಂಡು ಕೇಳಿದ್ದ.

"ಹೆಸರು?"

"ಡಾರ್ಕಸ್, ಬುದ್ಧಿ."

"ಯಾರ ಮನೇವಳು?"

ಹುಟ್ಟಿದಾಗಿನಿಂದ ಕೇಳಿಸಿಕೊಂಡ ಪ್ರಶ್ನೆ. ರಸ್ತೆಯಲ್ಲಿ ಗಸ್ತಿನವರು ತಡೆದರೂ ಇದೇ, ಹಿಟ್ಟಿನ ಗಿರಣಿಯಲ್ಲಿ ನಿಂತರೂ ಇದೇ. ಉತ್ತರ ನಾಲಗೆಯ ತುದಿಯಲ್ಲೇ ಇತ್ತು.

"ರೆನ್‌ಫ್ರೋ ಮನೇವಳು, ಬುದ್ಧಿ."

ಗುಮಾಸ್ತ ಡಾರ್ಕಸ್ ರೆನ್‌ಫ್ರೋ ಎಂದು ಬರೆದುಕೊಂಡ.

"ಮನೇಲಿ ಗಂಡಸು ಇದ್ದಾನಾ?"

"ಇಲ್ಲ, ಬುದ್ಧಿ."

ಅವಳು ಸುಳ್ಳು ಹೇಳಲಿಲ್ಲ. ಅವಳ ಗಂಡ ಆನ್ಸೆಲ್ ಯಾವತ್ತೂ ಅವಳ ಮನೆಯಲ್ಲಿರಲಿಲ್ಲ. ಅವನು ಆರು ಮೈಲಿಯಾಚೆ ಹಾಲಿಸ್ ಧಣಿಯ ಆಳು. ಶನಿವಾರ ಸಂಜೆ ಹಾಲಿಸ್ ಬರೆದುಕೊಟ್ಟ ಚೀಟಿ ಹಿಡಿದುಕೊಂಡು ಬರುತ್ತಿದ್ದ, ಸೋಮವಾರ ಹೊತ್ತು ಹುಟ್ಟುವುದರೊಳಗೆ ವಾಪಸು. ಇಲ್ಲಿನ ಎಷ್ಟೋ ಹೆಂಗಸರಿಗೆ ಇದ್ದದ್ದು ಇಂಥ ಶನಿವಾರದ ಗಂಡಂದಿರೇ. ಹನ್ನೊಂದು ವರ್ಷದ ಶನಿವಾರಗಳಲ್ಲಿ ಎರಡು ಮಕ್ಕಳಾದವು. ಕೆಜಾಯಾ, ಆಮೇಲೆ ಟೋಬಿ.

ಅರವತ್ತನಾಲ್ಕರ ಬೇಸಿಗೆಯಲ್ಲಿ ಆನ್ಸೆಲ್ ಸೈನ್ಯ ಸೇರಿದ. ಅಲ್ಲಿ ಅವನಿಗೂ ಹೆಸರು ಕೇಳಿದರು. ಅವನು ಹಾಲಿಸ್ ಹೆಸರು ಹೇಳಲಿಲ್ಲ. ಅವನಪ್ಪ ಪೀಪಾಯಿ ಮಾಡುತ್ತಿದ್ದ. ಪೀಪಾಯಿ ಮಾಡುವವನನ್ನು ಇಲ್ಲಿ ಕೂಪರ್ ಅನ್ನುತ್ತಾರೆ. ಆನ್ಸೆಲ್ ಕೂಪರ್ ಎಂದು ಬರೆಸಿದ. ಆವತ್ತಿನಿಂದ ಸಿಪಾಯಿಯ ಹೆಂಡತಿಯಾಗಿರುವುದೇ ಡಾರ್ಕಸ್‌ಳ ಅಪರಾಧವಾಯಿತು. ರೆನ್‌ಫ್ರೋ ಚಾವಟಿ ಹಿಡಿದು ನಿಂತ. "ನಿನ್ನ ಗಂಡ ಎಲ್ಲಿ?" ಒಂದೊಂದು ಏಟಿಗೂ ಅದೇ ಪ್ರಶ್ನೆ. ಅವಳು ಮಕ್ಕಳನ್ನು ಕಟ್ಟಿಕೊಂಡು ಗಂಡನ ಪಾಳೆಯಕ್ಕೆ ಓಡಿದಳು. ನವೆಂಬರಿನಲ್ಲಿ ಪಾಳೆಯದವರು ಹೆಂಗಸರು ಮಕ್ಕಳನ್ನೆಲ್ಲ ಗಾಡಿಗೆ ತುಂಬಿ ಕೊರೆಯುವ ಚಳಿಯಲ್ಲಿ ರಸ್ತೆಗೆ ಸುರಿದರು. ಮೂರು ವರ್ಷದ ಟೋಬಿ ಅವಳ ಬೆನ್ನ ಮೇಲೆಯೇ ತಣ್ಣಗಾದ. ಎಲ್ಲಿ ಸತ್ತನೆಂದು ಅವಳಿಗೆ ಗೊತ್ತಾಗಲಿಲ್ಲ. ಭಾರ ಬದಲಾದದ್ದು ಮಾತ್ರ ಗೊತ್ತಾಯಿತು.

ವಾಪಸು ಬಂದ ಮೇಲೆ ಅವಳು ಒಂದು ಮಾತು ಕಲಿತಳು. ಗಂಡ ಇಲ್ಲ, ಬುದ್ಧಿ. ಯಾರು ಕೇಳಿದರೂ ಅದೇ. ಯುದ್ಧ ಮುಗಿದು ಆನ್ಸೆಲ್‌ನ ಪಟಾಲಮ್ಮು ದೂರದ ಟೆಕ್ಸಾಸಿಗೆ ಹೋದ ಮೇಲೂ ಅದೇ. ಸಿಪಾಯಿಗಳ ಹೆಂಡತಿಯರೆಲ್ಲ ಬೆನ್ನು ಉಳಿಸಿಕೊಂಡದ್ದು ಆ ಮಾತಿನಿಂದ. ಬೆನ್ನು ಉಳಿಸಿದ ಮಾತನ್ನೇ ಕೋರ್ಟು ಬರೆದುಕೊಂಡು ಮಗಳನ್ನು ಕಿತ್ತುಕೊಂಡಿತು.

ರೆನ್‌ಫ್ರೋ ದಯೆ ತೋರಿಸುವವನಂತೆ ಹೇಳಿದ್ದ. "ಸುಗ್ಗಿ ಮುಗಿಯೋವರೆಗೆ ಸೆಣಬು ಮುರಿ. ಹುಡುಗೀನ ದಿನಾ ನೋಡಬಹುದು."

ನೋಡುತ್ತಿದ್ದಳು. ಮಧ್ಯಾಹ್ನ ಕೆಜಾಯಾ ಹೊಲಕ್ಕೆ ನೀರು ತರುತ್ತಿದ್ದಳು. ಜನವರಿಯ ಕೊನೆಯಲ್ಲೊಂದು ದಿನ ಅವಳ ಎಡಗೈಯ ಎರಡು ಉಗುರು ಕಪ್ಪಾಗಿದ್ದವು.

"ಏನ್ ಮಗಾ ಇದು?"

"ಬಾಗಿಲ ಸಂದಿ." ಹುಡುಗಿ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಅಮ್ಮಾವ್ರು ಒಂದು ಪಾಠ ಹೇಳ್ಕೊಟ್ಟವ್ರೆ ಅವ್ವಾ. ಮೊದ್ಲು ತಪ್ಪು ಹೇಳ್ದೆ, ಅದಕ್ಕೆ. ಈಗ ಬರ್ತದೆ."

"ಯಾವ ಪಾಠ? ಹೇಳು."

ಕೆಜಾಯಾ ಬಿಂದಿಗೆ ಕೆಳಗಿಟ್ಟು, ಕೈ ಕಟ್ಟಿಕೊಂಡು, ತಲೆ ತಗ್ಗಿಸಿದಳು. "ನಂಗೆ ಅಪ್ಪ ಇಲ್ಲಮ್ಮ. ರೆನ್‌ಫ್ರೋ ಅಮ್ಮಾವ್ರೇ ನನ್ನ ಸಾಕ್ತಾ ಇರೋದಮ್ಮ." ಆಮೇಲೆ ತಲೆ ಎತ್ತಿದಳು. "ಹಿಂಗೆ ಅಂದ್ರೆ ರೊಟ್ಟಿಗೆ ಕಾಕಂಬಿ ಹಚ್ಚಿ ಕೊಡ್ತಾರೆ. ಅಪ್ಪ ಟೆಕ್ಸಾಸಲ್ಲವ್ರೆ ಅಂದ್ರೆ ಬಾಗಿಲ ಸಂದಿ."

"ನಿಂಗೆ ಅಪ್ಪ ಅವನೆ ಅಂತ ಗೊತ್ತಲ್ವಾ?"

ಹುಡುಗಿ ಸ್ವಲ್ಪ ಯೋಚನೆ ಮಾಡಿದಳು. ಆ ಯೋಚನೆಯೇ ಡಾರ್ಕಸ್‌ಳ ಎದೆಗೆ ಗುದ್ದಿತು. ಹದಿನೆಂಟು ವರ್ಷದ ಮಾತು ಹಾಗಿರಲಿ, ಇನ್ನೊಂದು ಬೇಸಿಗೆ ಕಳೆದರೆ ಈ ಮಗು ಕಾಕಂಬಿಗಾಗಿ ಸುಳ್ಳು ಹೇಳುವುದನ್ನು ಬಿಟ್ಟು ನಂಬಿಯೇ ಹೇಳುತ್ತಾಳೆ.

ದವಡೆಯಲ್ಲಿ ಅರ್ಧ ಮುರಿದ ಕಂತೆಯಿತ್ತು. ಡಾರ್ಕಸ್ ಅದನ್ನು ಹಾಗೇ ಬಿಟ್ಟಳು. ಮತ್ತೆ ಆ ಹಿಡಿ ಮುಟ್ಟಲಿಲ್ಲ.

ಪಟ್ಟಣದಲ್ಲಿ ಫಿಲ್ಲಿ ಇದ್ದಳು. ಯುದ್ಧಕ್ಕೆ ಎಷ್ಟೋ ಮುಂಚೆಯೇ ಬಿಡುಗಡೆ ಪಡೆದಿದ್ದ ಮುದುಕಿ, ಓಹಾಯೋ ಹೊಳೆಯ ಎರಡೂ ದಡದ ಜನರ ಬಟ್ಟೆ ಒಗೆದು ಬದುಕುತ್ತಿದ್ದಳು. ಆನ್ಸೆಲ್ ಕಾಗದ ಹಾಕುತ್ತಿದ್ದುದು ಅವಳ ವಿಳಾಸಕ್ಕೇ. ಹೊಸ ವರ್ಷಕ್ಕೆ ಬಂದ ಕಾಗದದಲ್ಲಿ ಅವನ ಪಟಾಲಮ್ಮಿನ ಹೆಸರಿತ್ತು, ಸಾಹೇಬನ ರುಜುವಿತ್ತು. ಫೆಬ್ರವರಿಯ ಮೊದಲ ಸೋಮವಾರ, ಕೋರ್ಟಿನ ದಿನ, ಡಾರ್ಕಸ್ ಹನ್ನೊಂದು ಮೈಲಿ ನಡೆದು ಬಂದಳು. ಇಬ್ಬರೂ ಕಾಗದ ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದರು.

ಒಳಗೆ ಬಿಸಿಯಿತ್ತು, ತಂಬಾಕಿನ ನಾತವಿತ್ತು. ರೆನ್‌ಫ್ರೋ ಮುಂದಿನ ಬೆಂಚಿನಲ್ಲಿದ್ದ. ಎರಡು ಸಾಲಿನ ಹಿಂದೆ ಹಾಲಿಸ್ ಕೂತಿದ್ದ. ಜಡ್ಜಿ ಕಾಗದ ನೋಡಿ ಹುಬ್ಬೇರಿಸಿದ.

"ಇದು ಡಾರ್ಕಸ್ ಕೂಪರ್ ಅನ್ನೋಳಿಗೆ ಬಂದಿರೋ ಕಾಗದ. ಪುಸ್ತಕದಲ್ಲಿ ನೀನು ಡಾರ್ಕಸ್ ರೆನ್‌ಫ್ರೋ. ಕಂಡೋರ ಕಾಗದ ನಿನ್ನ ಕೈಗೆ ಹೇಗೆ ಬಂತು?"

ಬೆಂಚುಗಳು ನಕ್ಕವು.

"ಕೂಪರ್ ನಾನೇ, ಬುದ್ಧಿ. ಅವನ ಹೆಂಡ್ತಿ. ಅವತ್ತು ಕೇಳಿದ್ದು ಯಾರ ಮನೇವಳು ಅಂತ. ಯಾರ ಹೆಂಡ್ತಿ ಅಂತ ಯಾರೂ ಕೇಳ್ಲಿಲ್ಲ."

"ಮದುವೆಗೆ ಸಾಕ್ಷಿ?"

"ಫಿಲ್ಲಿ ಅವ್ವ ಇದ್ರು. ಊಟಕ್ಕೆ ಕೋಳಿ ಕುಯ್ದವ್ರೇ ಅವ್ರು."

"ಬಿಳಿಯರ ವಿರುದ್ಧ ಕರಿಯರ ಮಾತು ಈ ಕೋರ್ಟಲ್ಲಿ ನಡೆಯಲ್ಲ. ಅವಳದೂ ನಡೆಯಲ್ಲ, ನಿನ್ನದೂ ನಡೆಯಲ್ಲ. ಬಿಳಿಯರು ಯಾರಾದ್ರೂ ಇದ್ರೆ ಹೇಳು."

ಡಾರ್ಕಸ್ ತಿರುಗಿ ಹಾಲಿಸ್‌ನನ್ನು ತೋರಿಸಿದಳು. ಹನ್ನೊಂದು ವರ್ಷ, ಪ್ರತಿ ಶನಿವಾರ, ಆನ್ಸೆಲ್ ತನ್ನ ಹೆಂಡತಿಯನ್ನು ನೋಡಲು ಹೋಗುತ್ತಿದ್ದಾನೆ, ತಡೆಯಬೇಡಿ ಎಂದು ಬರೆದುಕೊಟ್ಟ ಕೈ ಅವನದು.

ಹಾಲಿಸ್ ಕೂತಲ್ಲಿಂದಲೇ ಹೇಳಿದ. "ಬರೀತಿದ್ದೆ. ಹೆಂಡ್ತಿ ಅಂತಾನೇ ಬರೀತಿದ್ದೆ. ದಾರೀಲಿ ಯಾರೂ ಹೊಡೀಬಾರ್ದಲ್ಲ. ಹೋರೀನ ಪಕ್ಕದ ಊರಿಗೆ ಕಳಿಸೋವಾಗ್ಲೂ ಚೀಟಿ ಬರೆದು ಕಳಿಸ್ತೀನಿ. ಹಾಗಂತ ಅದು ಮದುವೆ ಆಗುತ್ತಾ?"

ಈ ಸಲ ಜಡ್ಜಿಯೂ ನಕ್ಕ. ನಗು ಗೋಡೆಯಿಂದ ಗೋಡೆಗೆ ಹೋಗಿ ಬಂತು. ಡಾರ್ಕಸ್ ಅದು ನಿಲ್ಲುವವರೆಗೆ ಕಾದಳು.

"ಹಾಲಿಸ್," ಎಂದಳು. ಬುದ್ಧಿ ಇಲ್ಲ, ಧಣಿ ಇಲ್ಲ. ಬರೀ ಹೆಸರು. "ನೀನು ಹೇಳೋ ಹೋರಿ ಇವತ್ತು ಟೆಕ್ಸಾಸಲ್ಲಿ ಸರ್ಕಾರದ ಬಂದೂಕು ಹಿಡ್ಕೊಂಡು ನಿಂತೈತೆ. ಊರಿಗೆ ಬರ್ತೈತೆ. ಬಂದಾಗ ಈ ಮಾತು ಅದರ ಎದುರಿಗೆ ನಿಂತ್ಕೊಂಡು ಆಡು."

ಜಡ್ಜಿ ಮೇಜು ಗುದ್ದಿದ. "ಮೊಣಕಾಲೂರು! ತಪ್ಪಾಯ್ತು ಬುದ್ಧಿ ಅಂತ ಇಬ್ಬರ ಹತ್ರಾನೂ ಕೇಳ್ಕೋ. ಇಲ್ಲ ಅಂದ್ರೆ ಜೈಲು."

ಮೂವತ್ತಮೂರು ವರ್ಷ ಆ ಮಾತನ್ನು ದಿನಕ್ಕೆ ಹತ್ತು ಸಲ ಹೇಳಿದ ಬಾಯಿ. ಇನ್ನೊಂದು ಸಲ ಹೇಳಿದ್ದರೆ ಬಾಯೇನೂ ಸವೆಯುತ್ತಿರಲಿಲ್ಲ. ಹೊಲದ ಹತ್ತಿರ ನಿಂತು ಮಗಳ ಮುಖ ನೋಡುವುದಾದರೂ ಉಳಿಯುತ್ತಿತ್ತು. ಡಾರ್ಕಸ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವಳು ನೆಟ್ಟಗೆ ನಿಂತಳು.

"ತಪ್ಪಾಗಿರೋದು ನಿಜ," ಎಂದಳು. "ನಿಮ್ಮ ಪುಸ್ತಕದಲ್ಲಿ ತಪ್ಪಾಗೈತೆ. ತಿದ್ಕಳಿ."

ಜವಾನರಿಬ್ಬರು ಅವಳನ್ನು ತೋಳು ಹಿಡಿದು ಎಳೆದುಕೊಂಡು ಹೋಗಿ ಮೆಟ್ಟಿಲ ಮೇಲಿಂದ ನೂಕಿದರು. ಜೈಲಿಗೆ ಹಾಕಿದರೆ ಕೂಳು ಹಾಕಬೇಕಲ್ಲ ಎಂದು ರೆನ್‌ಫ್ರೋನೇ ಜಡ್ಜಿಗೆ ಹೇಳಿದನಂತೆ. ಹೊರಗೆ ಬಂದು ಅವಳ ಮುಂದೆ ನಿಂತ. "ಇನ್ನು ಮೇಲೆ ನನ್ನ ಹೊಲದಲ್ಲಿ ಕಾಲಿಟ್ಟರೆ ನಾಯಿ ಬಿಡ್ತೀನಿ. ಹುಡುಗೀನ ಮರೆತುಬಿಡು."

ಕೆಸರಿನಲ್ಲಿ ಬಿದ್ದಿದ್ದವಳನ್ನು ಫಿಲ್ಲಿ ಎಬ್ಬಿಸಿ ಕೂರಿಸಿದಳು. ತುಟಿ ಒಡೆದಿತ್ತು. ಮುದುಕಿ ಸೆರಗಿನಂಥ ತನ್ನ ಮೇಲ್ಬಟ್ಟೆಯಿಂದ ರಕ್ತ ಒರೆಸುತ್ತಾ ಬೈದಳು.

"ಬಾಯಿ ಚಪಲ ತೀರ್ತೇನೇ? ಮಗು ಹೋಯ್ತಲ್ಲೇ, ಮುಂಡೇದೇ."

"ಹೋಗಿಲ್ಲ ಕಣವ್ವ."

"ಇನ್ನೇನು ಉಳೀತು?"

"ನೀನು ಗುರುವಾರ ದೋಣೀಲಿ ಆಚೆ ದಡಕ್ಕೆ ಬಟ್ಟೆ ತಗೊಂಡು ಹೋಗ್ತೀಯಲ್ಲ."

ಫಿಲ್ಲಿಯ ಕೈ ನಿಂತಿತು. ಓಹಾಯೋ ಹೊಳೆ ಅಲ್ಲಿಂದ ಕಾಣುತ್ತಿತ್ತು, ಮಂಜುಗಡ್ಡೆಯ ಚೂರುಗಳು ತೇಲುತ್ತಿದ್ದವು. ಆಚೆ ದಡ ಬೇರೆ ರಾಜ್ಯ, ಗುಲಾಮರನ್ನು ಇಟ್ಟುಕೊಳ್ಳದ ರಾಜ್ಯ. ಈ ಕೋರ್ಟಿನ ಕಾಗದ ಅಲ್ಲಿ ನಡೆಯುವುದಿಲ್ಲ. ಮುದುಕಿ ತನ್ನ ಕಾಲದಲ್ಲಿ ಎಷ್ಟು ಜನರನ್ನು ಆಚೆ ದಾಟಿಸಿದ್ದಳೋ ಅವಳೇ ಬಲ್ಲಳು.

"ಆಗ ಗುಲಾಮರಾಗಿದ್ವಿ, ಕದ್ದು ದಾಟ್ತಿದ್ವಿ," ಎಂದಳು ಫಿಲ್ಲಿ. ಅವಳ ದನಿಯಲ್ಲಿ ಅಳುವಿತ್ತೋ ಸಿಟ್ಟಿತ್ತೋ. "ಬಿಡುಗಡೆ ಆದ್ಮೇಲೂ ಕದ್ದು ದಾಟ್ಬೇಕಾ? ಹಂಗಾದ್ರೆ ಅದೆಂಥ ಬಿಡುಗಡೆಯೇ?"

"ಅವರ ಬಿಡುಗಡೆ ಅದು. ನಮ್ಮದು ನಾವು ಮಾಡ್ಕಳಣ."

ಗುರುವಾರ ಬೆಳಿಗ್ಗೆ ಕೆಜಾಯಾ ದಿನದಂತೆ ಬುಗ್ಗೆಗೆ ನೀರಿಗೆ ಬಂದಳು. ಅವ್ವ ಅಲ್ಲಿದ್ದಳು, ಕತ್ತೆಗಾಡಿಯ ಜೊತೆ ಫಿಲ್ಲಿಯೂ ಇದ್ದಳು. ಹುಡುಗಿಯನ್ನು ಬಟ್ಟೆಯ ಗಂಟಿನೊಳಗೆ ಮುಚ್ಚಿಡುವ ಮಾತನ್ನು ಮುದುಕಿ ಮೊದಲೇ ತೆಗೆದುಹಾಕಿದ್ದಳು. ಮುಚ್ಚಿದ್ದನ್ನು ಬಿಚ್ಚಿ ನೋಡುತ್ತಾರೆ. ತಲೆಯ ಮೇಲೆ ಹೊರೆ ಹೊತ್ತ ಕರಿಯ ಹುಡುಗಿಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಇಸ್ತ್ರಿ ಮಾಡಿದ ಅಂಗಿಗಳ ಬುಟ್ಟಿಯನ್ನು ಅವಳ ತಲೆಯ ಮೇಲಿಟ್ಟರು.

"ನೀನು ಬರಲ್ವಾ ಅವ್ವಾ?"

"ನಾನು ಈ ಕಡೆ ರಸ್ತೇಲಿ ಹೋಗ್ತೀನಿ. ಅವ್ರು ನನ್ನ ಹಿಂದೆ ಬರಬೇಕು, ಅದಕ್ಕೆ. ಆಮೇಲೆ ಬರ್ತೀನಿ. ತಡವಾದ್ರೂ ಬರ್ತೀನಿ."

"ಆಚೆ ದಡದಲ್ಲಿ ಯಾರಾದ್ರೂ ಕೇಳಿದ್ರೆ ಏನನ್ಲಿ?"

ಡಾರ್ಕಸ್ ಕಪ್ಪಾದ ಎರಡು ಉಗುರುಗಳನ್ನು ತನ್ನ ತುಟಿಗೆ ಒತ್ತಿಕೊಂಡಳು. "ಇರೋದ್ನೇ ಹೇಳು ಮಗಾ. ಅಪ್ಪನ ಹೆಸರು ಹೇಳು. ಯಾರೂ ಬಾಗಿಲ ಸಂದಿಗೆ ಕೈ ಇಡಲ್ಲ."

ಹುಡುಗಿ ಬುಟ್ಟಿ ಹಿಡಿದುಕೊಂಡು ಗಾಡಿಯ ಪಕ್ಕ ನಡೆದಳು. ಹಿಂತಿರುಗಿ ನೋಡಬಾರದೆಂದು ಫಿಲ್ಲಿ ಹೇಳಿದ್ದಳು. ಅವಳು ನೋಡಲಿಲ್ಲ. ಡಾರ್ಕಸ್ ನೋಡುತ್ತಲೇ ಇದ್ದಳು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ.

ಆಮೇಲೆ ಹೊಲದ ಅಂಚಿಗೆ ಹೋದಳು. ನಾರು ಬಿಡಿಸಿದ ಮೇಲೆ ಉಳಿಯುವ ಸಿಕ್ಕು ಅಲ್ಲಿ ಗುಡ್ಡೆ ಬಿದ್ದಿತ್ತು. ಅದನ್ನು ಕಂಬಳಿಯಲ್ಲಿ ಒತ್ತಿ ತುಂಬಿ, ಹತ್ತು ವರ್ಷದ ಮಗುವಿನಷ್ಟು ಉದ್ದಕ್ಕೆ ಸುತ್ತಿ, ಬೆನ್ನಿಗೆ ಕಟ್ಟಿಕೊಂಡಳು. ನೂರು ಪೌಂಡು ಹೊತ್ತು ರೂಢಿಯಾದ ಬೆನ್ನಿಗೆ ಅದು ಹೊರೆಯೇ ಅಲ್ಲ. ಆದರೂ ಕಂಬಳಿಯ ಗಂಟು ಹಾಕುವಾಗ ಟೋಬಿಯ ನೆನಪಾಗಿ ಎರಡು ನಿಮಿಷ ಅಲ್ಲೇ ಕೂತಳು. ಅತ್ತು, ಮೂಗು ಒರೆಸಿಕೊಂಡು ಎದ್ದಳು.

ಹೊಳೆಗೆ ಬೆನ್ನು ಮಾಡಿ ಲೆಕ್ಸಿಂಗ್ಟನ್ನಿನ ದೊಡ್ಡ ರಸ್ತೆ ಹಿಡಿದಳು. ಸುಂಕದ ಗೇಟಿನಲ್ಲಿ ಬೇಕೆಂದೇ ನಿಂತು ಕಾವಲಿನವನ ಹತ್ತಿರ ನೀರು ಕೇಳಿದಳು.

"ಬೆನ್ನ ಮೇಲೆ ಏನದು?"

"ಮಗಳು, ಬುದ್ಧಿ. ಜ್ವರ. ಲೆಕ್ಸಿಂಗ್ಟನ್ನಿಗೆ ಹೋಗ್ತಾ ಇದ್ದೀವಿ."

ಅವಳು ಬಾಯಿ ತುಂಬ ಬುದ್ಧಿ ಎಂದದ್ದು ಆವತ್ತು ಅದೊಂದೇ ಸಲ. ಅದೂ ಕೆಲಸಕ್ಕೆ ಬೇಕಾಗಿತ್ತು.

ರೆನ್‌ಫ್ರೋ ಮತ್ತು ಜಿಲ್ಲೆಯ ಪೊಲೀಸು ಮುಖ್ಯಸ್ಥ ಶೆರೀಫ್ ಅವಳನ್ನು ಹಿಡಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಎರಡು ಕುದುರೆ, ಒಂದು ನಾಯಿ. ದೋಣಿ ಹನ್ನೆರಡಕ್ಕೇ ದಡ ಬಿಟ್ಟಿರುತ್ತದೆ ಎನ್ನುವುದು ಡಾರ್ಕಸ್‌ಗೆ ಗೊತ್ತಿತ್ತು. ಓಡಲಿಲ್ಲ. ರಸ್ತೆಯ ನಡುವೆ ನಿಂತಳು. ರೆನ್‌ಫ್ರೋ ಕುದುರೆಯಿಂದ ಧುಮುಕಿ ಅವಳ ಬೆನ್ನಿನ ಗಂಟಿಗೆ ಕೈ ಹಾಕಿ ಎಳೆದ. ಕಂಬಳಿ ಬಿಚ್ಚಿಕೊಂಡು ಸಿಕ್ಕಿನ ರಾಶಿ ಅವನ ಬೂಟಿನ ಮೇಲೆ ಸುರಿಯಿತು. ಅವನು ಬಗ್ಗಿ ಎರಡೂ ಕೈಯಲ್ಲಿ ಕೆದಕಿದ, ಒಳಗೆಲ್ಲೋ ಮಗು ಇರಬಹುದು ಅನ್ನುವವನ ಹಾಗೆ.

"ನೋಡ್ಕೋ ರೆನ್‌ಫ್ರೋ, ಚೆನ್ನಾಗಿ ನೋಡ್ಕೋ," ಎಂದಳು ಡಾರ್ಕಸ್. "ಇದಕ್ಕೂ ಅಪ್ಪ ಇಲ್ಲ. ಕೋರ್ಟಲ್ಲಿ ಬರೆಸ್ಕೊಂಡು ಸಾಕ್ಕೊ."

ಅವನು ಹೊಡೆದ. ಅವಳು ಬಿದ್ದಳು. ಎದ್ದಳು. ಇನ್ನೊಮ್ಮೆ ಹೊಡೆಯಲು ಹೋದವನನ್ನು ಶೆರೀಫ್ ತಡೆದ, ಕನಿಕರದಿಂದಲ್ಲ. ಸತ್ತವಳು ಮಾತಾಡುವುದಿಲ್ಲ.

"ಹುಡುಗಿ ಎಲ್ಲಿ?" ಎಂದು ಶೆರೀಫ್ ಕೇಳಿದ.

ಡಾರ್ಕಸ್ ಬಾಯಲ್ಲಿದ್ದ ರಕ್ತ ಉಗಿದಳು.

"ಹುಡುಗಿ ಎಲ್ಲಿ ಅಂತ ಕೇಳಿದೆ. ಯಾರ ಜೊತೆ ಕಳಿಸಿದೆ?"

"ಸೋಮವಾರ ನೀವೂ ಕೋರ್ಟಿನ ಬಾಗಿಲಲ್ಲೇ ನಿಂತಿದ್ರಲ್ಲ ಶೆರೀಫು. ನನ್ನ ಮಾತು ನಡೆಯಲ್ಲ ಅಂತ ಜಡ್ಜಿ ಹೇಳಿದ್ದು ಕೇಳಿಸ್ಲಿಲ್ವಾ? ನಡೀದೇ ಇರೋ ಮಾತು ಇಟ್ಕೊಂಡು ಏನ್ ಮಾಡ್ತೀರಿ?"

"ನಿನ್ನ ಬಾಯಿ ಹೇಗೆ ಬಿಡಿಸ್ಬೇಕು ಅಂತ ನಂಗೆ ಗೊತ್ತು."

"ಬಿಡ್ಸಿ," ಎಂದಳು ಡಾರ್ಕಸ್. ಎರಡೂ ಕೈಗಳನ್ನು ತಾನೇ ಮುಂದಕ್ಕೆ ಚಾಚಿದಳು, ಕಟ್ಟಿಕೊಳ್ಳಲಿ ಎಂದು. "ಬಿಡ್ಸಿದ್ರೂ ಬರ್ಕಳಕ್ಕೆ ಆಗಲ್ವಲ್ಲ."